ವಿವಾಹ ಮತ್ತು ಕುಟುಂಬ ಆಪ್ತಸಮಾಲೋಚಕರ ಅರ್ಹತೆ ಹಾಗೂ ನೋಂದಣಿ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ದಂಪತಿಗಳ ನಡುವಿನ ವಿರಸ, ಕುಟುಂಬದ ಸದಸ್ಯರ ಕಲಹ, ಮದ್ಯವ್ಯಸನದಿಂದ ಸಂಸಾರಕ್ಕೆ ಒದಗುವ ತೊಂದರೆ, ವಿಚ್ಛೇದನದ ಸಂದರ್ಭದಲ್ಲಿ ಮಕ್ಕಳ ಪಾಲನೆ ಮುಂತಾದ ವಿಷಯಗಳಲ್ಲಿ ನೆರವು ಬಯಸುವ ನಾಗರಿಕರು ಆಪ್ತಸಮಾಲೋಚಕರನ್ನು ಅಥವಾ ಕುಟುಂಬ ಚಿಕಿತ್ಸಕರನ್ನು ಸಂಪರ್ಕಿಸುತ್ತಾರೆ. ಇಂತಹ ಸೇವೆ ನೀಡುವವರಿಗೆ ಕಾನೂನಿನಡಿ ಯಾವ ಅರ್ಹತೆ ಇರಬೇಕು, ಅವರ ಹೆಸರು ಯಾವ ನೋಂದಣಿ ಪುಸ್ತಕದಲ್ಲಿರಬೇಕು, ಸೇವೆ ಪಡೆಯುವ ಮುನ್ನ ಏನನ್ನು ಪರಿಶೀಲಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಈ ವೃತ್ತಿಯನ್ನು ಕೈಗೊಳ್ಳಬಯಸುವವರಿಗೂ ಅಗತ್ಯ ಮಾಹಿತಿಯನ್ನು ನೀಡಲಾಗಿದೆ.

2. ಪ್ರತ್ಯೇಕ ಪರವಾನಗಿ ಇದೆಯೇ?

ಇಲ್ಲ. ‘ವಿವಾಹ ಮತ್ತು ಕುಟುಂಬ ಚಿಕಿತ್ಸಕ’ ಎಂಬ ಹೆಸರಿನ ಪ್ರತ್ಯೇಕ ಪರವಾನಗಿಯನ್ನು ಕರ್ನಾಟಕ ರಾಜ್ಯವಾಗಲಿ ಕೇಂದ್ರ ಸರ್ಕಾರವಾಗಲಿ ನೀಡುವುದಿಲ್ಲ. ಆದುದರಿಂದ ‘ಸರ್ಕಾರದಿಂದ ಪರವಾನಗಿ ಪಡೆದ ವಿವಾಹ ಸಮಾಲೋಚಕರು’ ಎಂಬ ಫಲಕವನ್ನು ಕಂಡಲ್ಲಿ, ಸದರಿ ಪರವಾನಗಿಯು ಯಾವ ಅಧಿನಿಯಮದಡಿ, ಯಾವ ಪ್ರಾಧಿಕಾರದಿಂದ ದೊರೆತಿದೆ ಎಂದು ಕೇಳುವುದು ನಾಗರಿಕರ ಹಿತದೃಷ್ಟಿಯಿಂದ ಅವಶ್ಯಕ.

ಹಾಗೆಂದ ಮಾತ್ರಕ್ಕೆ ಈ ಕ್ಷೇತ್ರಕ್ಕೆ ಕಾನೂನೇ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಕುಟುಂಬ ಚಿಕಿತ್ಸೆಯನ್ನು ನೀಡುವ ಬೇರೆ ಬೇರೆ ವೃತ್ತಿಗಳವರು ಬೇರೆ ಬೇರೆ ಅಧಿನಿಯಮಗಳಡಿ ನೋಂದಣಿ ಹೊಂದಿರುತ್ತಾರೆ. ‘ಪರವಾನಗಿ ಇದೆಯೇ’ ಎಂದು ಕೇಳಿದರೆ ಖಚಿತ ಉತ್ತರ ದೊರೆಯದು. ‘ತಾವು ಯಾವ ವೃತ್ತಿಪರರು, ತಮ್ಮ ಹೆಸರು ಯಾವ ನೋಂದಣಿ ಪುಸ್ತಕದಲ್ಲಿದೆ, ಅದರ ಸಂಖ್ಯೆ ಏನು’ ಎಂದೇ ಕೇಳತಕ್ಕದ್ದು.

3. ಕಾನೂನು ಗುರುತಿಸಿರುವ ವೃತ್ತಿಪರರು

(ಅ) ಮನೋವೈದ್ಯರು: ಇವರು ವೈದ್ಯಕೀಯ ಪದವಿಯ ನಂತರ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಪಡೆದವರು. ರಾಜ್ಯದಲ್ಲಿ ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ನಿರ್ವಹಿಸುತ್ತದೆ. ಈ ಪುಟದಲ್ಲಿ ವಿವರಿಸಿರುವ ವೃತ್ತಿಪರರ ಪೈಕಿ ಮನೋರೋಗಕ್ಕೆ ಔಷಧಿಯನ್ನು ಬರೆದುಕೊಡುವ ಅಧಿಕಾರವಿರುವುದು ಇವರಿಗೆ ಮಾತ್ರ.

(ಆ) ಚಿಕಿತ್ಸಾ ಮನೋವಿಜ್ಞಾನಿಗಳು: ಇವರು ಭಾರತೀಯ ಪುನರ್ವಸತಿ ಪರಿಷತ್ತು ಅಧಿನಿಯಮ, 1992ರ ವ್ಯಾಪ್ತಿಗೆ ಒಳಪಡುತ್ತಾರೆ. ಸದರಿ ಪರಿಷತ್ತು ಮಾನ್ಯ ಮಾಡಿದ ಅರ್ಹತೆಯನ್ನು ಹೊಂದಿ, ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಾಗಿರತಕ್ಕದ್ದು. ಅಧಿನಿಯಮದ ಪ್ರಕರಣ 13ರ ಪ್ರಕಾರ ಈ ನೋಂದಣಿಯಿಲ್ಲದೆ ಭಾರತದ ಯಾವುದೇ ಭಾಗದಲ್ಲಿ ಪುನರ್ವಸತಿ ವೃತ್ತಿಪರರಾಗಿ ವೃತ್ತಿ ನಡೆಸುವಂತಿಲ್ಲ. ಕಾನೂನಿನಡಿ ಅಂತಹ ವೃತ್ತಿಪರರು ಸಹಿ ಮಾಡಬೇಕಾದ ಪ್ರಮಾಣಪತ್ರಗಳಿಗೆ ಸಹಿ ಮಾಡುವಂತೆಯೂ ಇಲ್ಲ.

(ಇ) ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು: ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ವ್ಯಾಖ್ಯಾನದಂತೆ, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎರಡು ವರ್ಷಗಳ ಪೂರ್ಣಾವಧಿಯ ಎಂ.ಫಿಲ್. ಪಡೆದವರು. ಈ ಅವಧಿಯಲ್ಲಿ ಮೇಲ್ವಿಚಾರಣೆಯಡಿ ಚಿಕಿತ್ಸಾ ತರಬೇತಿ ಕಡ್ಡಾಯ. ರೋಗಿಯ ಜೊತೆಗೆ ಅವರ ಮನೆಯವರೊಂದಿಗೂ ಕೆಲಸ ಮಾಡುವುದು ಈ ವೃತ್ತಿಯ ಮುಖ್ಯ ಅಂಗವಾಗಿರುವುದರಿಂದ, ಕುಟುಂಬ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಅನೇಕರು ಈ ವರ್ಗಕ್ಕೆ ಸೇರಿದವರಾಗಿರುತ್ತಾರೆ.

ಮೇಲ್ಕಂಡ (ಆ) ಮತ್ತು (ಇ) ವರ್ಗದವರನ್ನು ಹಾಗೂ ಮಾನಸಿಕ ಆರೋಗ್ಯ ಶುಶ್ರೂಷಕರನ್ನು ಮಾನಸಿಕ ಆರೋಗ್ಯ ವೃತ್ತಿಪರರೆಂದು ನೋಂದಾಯಿಸಿ, ಅವರ ಪಟ್ಟಿಯನ್ನು ಪ್ರಕಟಿಸುವ ಹೊಣೆಯನ್ನು 2017ರ ಅಧಿನಿಯಮದ ಪ್ರಕರಣ 55 ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ವಹಿಸಿದೆ. ಪ್ರಕರಣ 106ರಂತೆ ಯಾವ ವೃತ್ತಿಪರರೂ ತಮ್ಮ ವೃತ್ತಿಕ್ಷೇತ್ರಕ್ಕೆ ಅಧಿಕೃತವಲ್ಲದ ಔಷಧಿ ಅಥವಾ ಚಿಕಿತ್ಸೆಯನ್ನು ಸೂಚಿಸುವಂತಿಲ್ಲ.

(ಈ) ಆಪ್ತಸಮಾಲೋಚಕರು ಮತ್ತು ಇತರ ಮನೋವಿಜ್ಞಾನಿಗಳು: ಮನೋವಿಜ್ಞಾನದಲ್ಲಿ ಅಥವಾ ಸಮಾಲೋಚನೆಯಲ್ಲಿ ಪದವಿ, ಡಿಪ್ಲೊಮಾ ಅಥವಾ ಅಲ್ಪಾವಧಿಯ ಪ್ರಮಾಣಪತ್ರ ಪಡೆದು ಸೇವೆ ಸಲ್ಲಿಸುವವರು ಈ ವರ್ಗಕ್ಕೆ ಸೇರುತ್ತಾರೆ. ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಅಧಿನಿಯಮ, 2021ರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನದ ವೃತ್ತಿಪರರೆಂಬ ಗುಂಪನ್ನು ಸೇರಿಸಲಾಗಿದೆ. ಪುನರ್ವಸತಿ ಪರಿಷತ್ತಿನ ವ್ಯಾಪ್ತಿಗೆ ಬರುವ ಚಿಕಿತ್ಸಾ ಮನೋವಿಜ್ಞಾನಿಗಳನ್ನು ಹೊರತುಪಡಿಸಿ ಇತರ ಮನೋವಿಜ್ಞಾನಿಗಳು, ವರ್ತನಾ ವಿಶ್ಲೇಷಕರು, ವರ್ತನಾ ಆರೋಗ್ಯ ಸಮಾಲೋಚಕರು, ವೈದ್ಯಕೀಯ ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಕುಟುಂಬ ಯೋಜನೆ ಸಮಾಲೋಚಕರು ಮುಂತಾದವರು ಈ ಗುಂಪಿನಲ್ಲಿದ್ದಾರೆ. ಇವರ ನೋಂದಣಿಗಾಗಿ ರಾಜ್ಯ ಮಟ್ಟದಲ್ಲಿ ಪರಿಷತ್ತುಗಳ ರಚನೆಗೆ ಅಧಿನಿಯಮವು ಅವಕಾಶ ಕಲ್ಪಿಸಿದೆ. ಅನುಸೂಚಿಯಲ್ಲಿ ‘ವಿವಾಹ ಸಮಾಲೋಚಕ’ ಎಂಬ ಪ್ರತ್ಯೇಕ ಹೆಸರಿಲ್ಲ ಎಂಬುದನ್ನು ಗಮನಿಸತಕ್ಕದ್ದು.

4. ನೋಂದಣಿ ಎಂದು ಭಾವಿಸಬಾರದ ದಾಖಲೆಗಳು

ಈ ಕೆಳಕಂಡ ದಾಖಲೆಗಳು ತಮ್ಮ ತಮ್ಮ ಉದ್ದೇಶಕ್ಕೆ ಸಿಂಧುವಾಗಿದ್ದರೂ, ಅವು ವ್ಯಕ್ತಿಯ ವೃತ್ತಿಪರ ಅರ್ಹತೆಗೆ ಪುರಾವೆಯಾಗುವುದಿಲ್ಲ:

- ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರಡಿ ಪಡೆದ ನೋಂದಣಿ ಪತ್ರ. ಇದು ಸ್ಥಳ ಹಾಗೂ ನೌಕರರಿಗೆ ಸಂಬಂಧಿಸಿದ್ದು.
- ಸಂಘ ಅಥವಾ ಟ್ರಸ್ಟ್‌ನ ನೋಂದಣಿ ಪತ್ರ. ಇದು ಸಂಸ್ಥೆಯ ಅಸ್ತಿತ್ವಕ್ಕೆ ಸಂಬಂಧಿಸಿದ್ದು.
- ಸರಕು ಮತ್ತು ಸೇವಾ ತೆರಿಗೆ ಸಂಖ್ಯೆ. ಇದು ತೆರಿಗೆಗೆ ಮಾತ್ರ ಸಂಬಂಧಿಸಿದ್ದು.
- ಖಾಸಗಿ ವೃತ್ತಿ ಸಂಘಗಳ ಸದಸ್ಯತ್ವ ಪತ್ರ. ಇದು ತರಬೇತಿಯ ಸೂಚನೆಯಾಗಬಹುದು, ಶಾಸನಬದ್ಧ ನೋಂದಣಿಯಾಗದು.
- ವಾರಾಂತ್ಯದ ಕಾರ್ಯಾಗಾರ ಅಥವಾ ಅಂತರ್ಜಾಲ ತರಗತಿಯ ಪ್ರಮಾಣಪತ್ರ.

ಹೆಸರಿನ ಹಿಂದೆ ‘ಡಾ.’ ಎಂದಿದ್ದ ಮಾತ್ರಕ್ಕೆ ಆ ವ್ಯಕ್ತಿಯು ವೈದ್ಯರೆಂದು ಭಾವಿಸಬಾರದು. ಯಾವುದೇ ವಿಷಯದಲ್ಲಿ ಪಿಎಚ್.ಡಿ. ಪಡೆದವರೂ ಈ ಉಪಾಧಿಯನ್ನು ಬಳಸುತ್ತಾರೆ.

5. ನ್ಯಾಯಾಲಯದ ಮೂಲಕ ದೊರೆಯುವ ಸಮಾಲೋಚನೆ

5.1 ಕುಟುಂಬ ನ್ಯಾಯಾಲಯ

ಕುಟುಂಬ ನ್ಯಾಯಾಲಯಗಳ ಅಧಿನಿಯಮ, 1984ರ ಪ್ರಕರಣ 6ರಂತೆ, ರಾಜ್ಯ ಸರ್ಕಾರವು ಉಚ್ಚ ನ್ಯಾಯಾಲಯದೊಂದಿಗೆ ಸಮಾಲೋಚಿಸಿ ಕುಟುಂಬ ನ್ಯಾಯಾಲಯಗಳಿಗೆ ಬೇಕಾದ ಸಮಾಲೋಚಕರ ಸಂಖ್ಯೆ ಮತ್ತು ವರ್ಗಗಳನ್ನು ನಿರ್ಧರಿಸುತ್ತದೆ. ಪ್ರಕರಣ 9ರಂತೆ, ಸಾಧ್ಯವಿರುವೆಡೆ ಕಕ್ಷಿದಾರರ ನಡುವೆ ಇತ್ಯರ್ಥಕ್ಕೆ ಮೊದಲು ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ಪ್ರಕರಣ 12ರಂತೆ, ವೈದ್ಯಕೀಯ ತಜ್ಞರ ಅಥವಾ ಕುಟುಂಬ ಕಲ್ಯಾಣದಲ್ಲಿ ವೃತ್ತಿನಿರತರಾದವರ ನೆರವನ್ನು ನ್ಯಾಯಾಲಯವು ಪಡೆಯಬಹುದು. ಕಕ್ಷಿದಾರರಲ್ಲಿ ಯಾರೊಬ್ಬರು ಬಯಸಿದರೂ ವಿಚಾರಣೆಯನ್ನು ಗೋಪ್ಯವಾಗಿ ನಡೆಸಬೇಕೆಂದು ಪ್ರಕರಣ 11 ವಿಧಿಸುತ್ತದೆ.

ನ್ಯಾಯಾಲಯದ ಸಮಾಲೋಚಕರ ಹುದ್ದೆ ಅಥವಾ ನಿಯೋಜನೆಯು ಸದರಿ ನ್ಯಾಯಾಲಯದ ಕೆಲಸಕ್ಕೆ ಸೀಮಿತ. ಅದನ್ನು ಖಾಸಗಿ ಚಿಕಿತ್ಸೆ ನಡೆಸಲು ನೀಡಿದ ಪರವಾನಗಿ ಎಂದು ಅರ್ಥೈಸತಕ್ಕದ್ದಲ್ಲ.

5.2 ಕೌಟುಂಬಿಕ ಹಿಂಸೆಯ ದೂರುಗಳು

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ ಪ್ರಕರಣ 14ರಂತೆ, ದಂಡಾಧಿಕಾರಿಯವರು ಇಬ್ಬರನ್ನೂ ಒಟ್ಟಾಗಿ ಅಥವಾ ಬೇರೆ ಬೇರೆಯಾಗಿ ಸಮಾಲೋಚನೆಗೆ ಕಳುಹಿಸಬಹುದು. ಹಾಗೆ ಕಳುಹಿಸಿದಲ್ಲಿ ಮುಂದಿನ ವಿಚಾರಣೆಯನ್ನು ಎರಡು ತಿಂಗಳ ಒಳಗೆ ನಿಗದಿಪಡಿಸತಕ್ಕದ್ದು. 2006ರ ನಿಯಮಗಳು ಈ ಸಮಾಲೋಚಕರ ಆಯ್ಕೆಗೆ ಸ್ಪಷ್ಟ ನಿರ್ಬಂಧಗಳನ್ನು ಹಾಕಿವೆ:

- ವಿವಾದದಲ್ಲಿ ಹಿತಾಸಕ್ತಿ ಉಳ್ಳವರು ಅಥವಾ ಕಕ್ಷಿದಾರರ ಸಂಬಂಧಿಗಳು, ಎಲ್ಲ ಕಕ್ಷಿದಾರರೂ ಲಿಖಿತವಾಗಿ ಆಕ್ಷೇಪಣೆಯನ್ನು ಬಿಟ್ಟುಕೊಡದ ಹೊರತು ಸಮಾಲೋಚಕರಾಗುವಂತಿಲ್ಲ.
- ಎದುರುದಾರರ ಪರ ಹಾಜರಾದ ವಕೀಲರು ಸಮಾಲೋಚಕರಾಗುವಂತಿಲ್ಲ.
- ಸಾಧ್ಯವಾದಷ್ಟು ಮಟ್ಟಿಗೆ ಸಮಾಲೋಚಕರು ಮಹಿಳೆಯರಾಗಿರತಕ್ಕದ್ದು.
- ತಾನು ಎಸಗಿದ ಹಿಂಸೆಗೆ ಸಮರ್ಥನೆ ನೀಡಲು ಎದುರುದಾರರಿಗೆ ಸಮಾಲೋಚನೆಯಲ್ಲಿ ಅವಕಾಶವಿಲ್ಲ.

ಇಲ್ಲಿ ಸಮಾಲೋಚನೆಯ ಗುರಿಯು ಹಿಂಸೆಯು ಮರುಕಳಿಸದಂತೆ ಭರವಸೆ ಪಡೆಯುವುದೇ ಹೊರತು ಹೇಗಾದರೂ ಮಾಡಿ ದಂಪತಿಗಳನ್ನು ಒಂದುಗೂಡಿಸುವುದಲ್ಲ. ನೊಂದ ಮಹಿಳೆಯು ಇತ್ಯರ್ಥವನ್ನು ಬಯಸಿದಲ್ಲಿ ಮಾತ್ರ ಆ ಪ್ರಯತ್ನ ನಡೆಯತಕ್ಕದ್ದು. ‘ಹೊಂದಿಕೊಂಡು ಹೋಗಿ’ ಎಂಬ ಸಲಹೆಯನ್ನಷ್ಟೇ ನೀಡಿ ದೂರನ್ನು ಮುಗಿಸಲು ಯಾರಾದರೂ ಒತ್ತಾಯಿಸಿದಲ್ಲಿ, ಅದನ್ನು ಸಂರಕ್ಷಣಾಧಿಕಾರಿಯವರ ಅಥವಾ ದಂಡಾಧಿಕಾರಿಯವರ ಗಮನಕ್ಕೆ ತರಬಹುದು. ಎದುರುದಾರರ ಸಮ್ಮುಖದಲ್ಲಿ ಮುಕ್ತವಾಗಿ ಮಾತನಾಡಲು ಭಯವಿದ್ದರೆ, ಪ್ರತ್ಯೇಕವಾಗಿ ಸಮಾಲೋಚನೆ ನಡೆಸುವಂತೆ ಕೋರಬಹುದು.

6. ಸೇವೆ ಪಡೆಯುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಮೊದಲ ಭೇಟಿಯಲ್ಲಿಯೇ ಈ ಕೆಳಕಂಡ ವಿವರಗಳನ್ನು ಕೇಳಿ ಪಡೆಯುವುದು ಸೂಕ್ತ:

(1) ಸೇವೆ ನೀಡುವವರ ಪೂರ್ಣ ಹೆಸರು, ಪದವಿ ಹಾಗೂ ಪದವಿ ನೀಡಿದ ವಿಶ್ವವಿದ್ಯಾಲಯ.
(2) ನೋಂದಣಿ ಸಂಖ್ಯೆ ಹಾಗೂ ನೋಂದಣಿ ಮಾಡಿದ ಪರಿಷತ್ತು ಅಥವಾ ಪ್ರಾಧಿಕಾರ. ನೋಂದಣಿಯು ಅವಧಿ ಮೀರಿಲ್ಲವೆಂಬುದನ್ನು ಸಂಬಂಧಿಸಿದ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.
(3) ದಂಪತಿಗಳಿಗೆ ಹಾಗೂ ಕುಟುಂಬಗಳಿಗೆ ಚಿಕಿತ್ಸೆ ನೀಡುವಲ್ಲಿ ಪಡೆದ ವಿಶೇಷ ತರಬೇತಿ. ಒಬ್ಬರಿಗೆ ಚಿಕಿತ್ಸೆ ನೀಡುವ ಕ್ರಮವೂ ಇಬ್ಬರನ್ನು ಎದುರು ಕೂರಿಸಿಕೊಂಡು ನಡೆಸುವ ಕ್ರಮವೂ ಬೇರೆ ಬೇರೆಯಾದವು.
(4) ಪ್ರತಿ ಭೇಟಿಯ ಶುಲ್ಕ, ಅವಧಿ ಹಾಗೂ ಭೇಟಿ ರದ್ದುಪಡಿಸಿದರೆ ಅನ್ವಯವಾಗುವ ನಿಯಮ. ಪಾವತಿಸಿದ ಹಣಕ್ಕೆ ರಸೀದಿ ಪಡೆಯತಕ್ಕದ್ದು.
(5) ದಾಖಲೆಗಳನ್ನು ಯಾರು ಇಟ್ಟುಕೊಳ್ಳುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂಬ ಬಗ್ಗೆ ಲಿಖಿತ ಹೇಳಿಕೆ.
(6) ಪತಿ ಅಥವಾ ಪತ್ನಿ ಪ್ರತ್ಯೇಕವಾಗಿ ತಿಳಿಸಿದ ವಿಷಯವನ್ನು ಮತ್ತೊಬ್ಬರಿಗೆ ತಿಳಿಸಲಾಗುವುದೇ ಎಂಬ ಬಗ್ಗೆ ಸ್ಪಷ್ಟನೆ.

ಈ ಪ್ರಶ್ನೆಗಳನ್ನು ಕೇಳುವುದು ಅಗೌರವವಲ್ಲ. ಅರ್ಹ ವೃತ್ತಿಪರರು ಇವಕ್ಕೆ ಸಂತೋಷದಿಂದಲೇ ಉತ್ತರಿಸುತ್ತಾರೆ.

7. ಗೋಪ್ಯತೆಯ ಬಗ್ಗೆ ವಿಶೇಷ ಸೂಚನೆ

2017ರ ಅಧಿನಿಯಮದ ಪ್ರಕರಣ 23 ಮನೋರೋಗವುಳ್ಳ ವ್ಯಕ್ತಿಗೆ ತನ್ನ ಆರೋಗ್ಯ ಹಾಗೂ ಚಿಕಿತ್ಸೆಗೆ ಸಂಬಂಧಿಸಿದ ಮಾಹಿತಿಯ ಗೋಪ್ಯತೆಯ ಹಕ್ಕನ್ನು ನೀಡಿದೆ. ಇತರರನ್ನು ಹಾನಿಯಿಂದ ಅಥವಾ ಹಿಂಸೆಯಿಂದ ರಕ್ಷಿಸುವುದು, ಜೀವಕ್ಕೆ ಅಪಾಯವಿರುವುದು, ಸಕ್ಷಮ ಪ್ರಾಧಿಕಾರದ ಅಥವಾ ನ್ಯಾಯಾಲಯದ ಆದೇಶವಿರುವುದು ಮುಂತಾದ ಸಂದರ್ಭಗಳು ಇದಕ್ಕೆ ಅಪವಾದಗಳು.

ಆದರೆ ಈ ಪ್ರಕರಣದ ಮಾತುಗಳು ಮನೋರೋಗವುಳ್ಳ ವ್ಯಕ್ತಿಯನ್ನು ಕುರಿತಾದವು. ಯಾವ ರೋಗವೂ ಇಲ್ಲದೆ, ಕೇವಲ ದಾಂಪತ್ಯದ ವಿರಸಕ್ಕಾಗಿ ಸಮಾಲೋಚಕರ ಬಳಿಗೆ ಹೋದ ದಂಪತಿಗಳು ಈ ಪ್ರಕರಣವನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. ಇದಲ್ಲದೆ, ಕಕ್ಷಿದಾರರು ವಕೀಲರಿಗೆ ತಿಳಿಸಿದ ವಿಷಯಗಳಿಗೆ ಸಾಕ್ಷ್ಯ ಕಾನೂನು ನೀಡುವ ವೃತ್ತಿಪರ ಸಂರಕ್ಷಣೆಯನ್ನು ಸಮಾಲೋಚಕರಿಗೆ ತಿಳಿಸಿದ ವಿಷಯಗಳಿಗೆ ವಿಸ್ತರಿಸಲಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿಯೂ ಈ ಸ್ಥಿತಿ ಮುಂದುವರಿದಿದೆ.

ದಾಂಪತ್ಯದ ವಿಷಯವು ಮುಂದೆ ವಿಚ್ಛೇದನದ ಅಥವಾ ಮಕ್ಕಳ ಪಾಲನೆಯ ದಾವೆಯಾಗಿ ಪರಿಣಮಿಸುವ ಸಾಧ್ಯತೆ ಇರುವುದರಿಂದ ಇದು ಮಹತ್ವದ ಸಂಗತಿ. ಆದುದರಿಂದ ಗೋಪ್ಯತೆಯ ಷರತ್ತುಗಳನ್ನು ಮೊದಲೇ ಲಿಖಿತವಾಗಿ ಪಡೆಯುವುದು, ಧ್ವನಿ ಅಥವಾ ದೃಶ್ಯ ಮುದ್ರಣಕ್ಕೆ ತಮ್ಮ ಒಪ್ಪಿಗೆ ಇದೆಯೇ ಇಲ್ಲವೇ ಎಂಬುದನ್ನು ದಾಖಲಿಸುವುದು ಕ್ಷೇಮಕರ.

8. ವೃತ್ತಿಯನ್ನು ಕೈಗೊಳ್ಳಬಯಸುವವರಿಗೆ

ಕುಟುಂಬ ಚಿಕಿತ್ಸೆಯನ್ನು ವೃತ್ತಿಯಾಗಿ ಕೈಗೊಳ್ಳಬಯಸುವ ವಿದ್ಯಾರ್ಥಿಗಳು ತರಗತಿಗೆ ಸೇರುವ ಮುನ್ನ, ಆ ಶಿಕ್ಷಣವು ಯಾವ ನೋಂದಣಿಗೆ ದಾರಿಯಾಗುತ್ತದೆ ಎಂಬುದನ್ನು ತಿಳಿದುಕೊಳ್ಳತಕ್ಕದ್ದು.

ಚಿಕಿತ್ಸಾ ಮನೋವಿಜ್ಞಾನಿಯಾಗಲು ಬಹುಕಾಲದಿಂದ ರೂಢಿಯಲ್ಲಿದ್ದ ಮಾರ್ಗವೆಂದರೆ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯ ನಂತರ ಪುನರ್ವಸತಿ ಪರಿಷತ್ತು ಅನುಮೋದಿಸಿದ ಎರಡು ವರ್ಷಗಳ ಎಂ.ಫಿಲ್. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ವಿನಿಯಮಗಳ ಮೂಲಕ ಎಂ.ಫಿಲ್. ಪದವಿಯನ್ನು ಸಾಮಾನ್ಯವಾಗಿ ನಿಲ್ಲಿಸಿತು. ಆದರೆ ಚಿಕಿತ್ಸಾ ಮನೋವಿಜ್ಞಾನ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯ ಈ ಎರಡು ವಿಷಯಗಳಲ್ಲಿ ಮಾತ್ರ 2025-26ನೇ ಶೈಕ್ಷಣಿಕ ಸಾಲಿನವರೆಗೆ ಪ್ರವೇಶಕ್ಕೆ 2024ರಲ್ಲಿ ಅವಕಾಶ ನೀಡಿತು. ಈ ಬದಲಾವಣೆಯಿಂದಾಗಿ, ಹಳೆಯ ಕೈಪಿಡಿಗಳನ್ನು ಅಥವಾ ಹಿರಿಯ ವಿದ್ಯಾರ್ಥಿಗಳ ಮಾತನ್ನು ಮಾತ್ರ ನಂಬದೆ, ಪ್ರವೇಶ ಪಡೆಯುವ ವರ್ಷದಲ್ಲಿ ಪರಿಷತ್ತು ಅನುಮೋದಿಸಿರುವ ಶಿಕ್ಷಣಕ್ರಮ ಹಾಗೂ ಸಂಸ್ಥೆಗಳ ಪಟ್ಟಿಯನ್ನು ನೋಡತಕ್ಕದ್ದು.

2021ರ ಅಧಿನಿಯಮವು ಶಿಕ್ಷಣದ ಅವಧಿಯನ್ನು ಗಂಟೆಗಳ ಲೆಕ್ಕದಲ್ಲಿ ಹೇಳುತ್ತದೆ. ಸಹಾಯಕ ಆರೋಗ್ಯ ವೃತ್ತಿಪರರಿಗೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆಗಳು, ಆರೋಗ್ಯ ಆರೈಕೆ ವೃತ್ತಿಪರರಿಗೆ ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಶಿಕ್ಷಣ ಅಗತ್ಯ. ಕೆಲವೇ ವಾರಗಳ ಪ್ರಮಾಣಪತ್ರವು ಈ ಮಟ್ಟವನ್ನು ಮುಟ್ಟುವುದಿಲ್ಲ.

9. ಹೊರದೇಶದ ಪರವಾನಗಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸೆಯು ಪ್ರತ್ಯೇಕ ಪರವಾನಗಿಯುಳ್ಳ ವೃತ್ತಿ. ಅಲ್ಲಿ ಕ್ಯಾಲಿಫೋರ್ನಿಯ ರಾಜ್ಯವು 1963ರಲ್ಲಿ ಇದನ್ನು ಮೊದಲು ಆರಂಭಿಸಿತು. ಈಗ ಎಲ್ಲ 50 ರಾಜ್ಯಗಳಲ್ಲಿಯೂ ಪರವಾನಗಿ ಕಡ್ಡಾಯ ಅಥವಾ ಲಭ್ಯವಿದೆ. ಕ್ಯಾಲಿಫೋರ್ನಿಯದಲ್ಲಿ ನಿಗದಿತ ಸ್ನಾತಕೋತ್ತರ ಪದವಿ, ಸಹಾಯಕ ಚಿಕಿತ್ಸಕರಾಗಿ ನೋಂದಣಿ, ಕನಿಷ್ಠ 104 ವಾರಗಳಲ್ಲಿ 3,000 ಗಂಟೆಗಳ ಮೇಲ್ವಿಚಾರಣೆಯಡಿಯ ಅನುಭವ, ಕಾನೂನು ಹಾಗೂ ನೀತಿಸಂಹಿತೆಯ ಪರೀಕ್ಷೆ ಮತ್ತು ಚಿಕಿತ್ಸಾ ಪರೀಕ್ಷೆ ಇವೆಲ್ಲವೂ ಪೂರ್ಣಗೊಂಡ ನಂತರವೇ ಪರವಾನಗಿ ದೊರೆಯುತ್ತದೆ. ಸದರಿ 3,000 ಗಂಟೆಗಳಲ್ಲಿ ಕನಿಷ್ಠ 500 ಗಂಟೆಗಳು ದಂಪತಿಗಳು, ಕುಟುಂಬಗಳು ಹಾಗೂ ಮಕ್ಕಳಿಗೆ ಚಿಕಿತ್ಸೆ ನೀಡಿದ ಅನುಭವವಾಗಿರತಕ್ಕದ್ದು.

ಇದರಿಂದ ಕರ್ನಾಟಕದ ನಾಗರಿಕರು ತಿಳಿಯಬೇಕಾದುದು ಎರಡು ಸಂಗತಿಗಳು. ಒಂದು, ಅಲ್ಲಿಯ ಪರವಾನಗಿಯು ಉತ್ತಮ ತರಬೇತಿಯ ಸೂಚನೆಯಾದರೂ, ಅದರಿಂದ ಭಾರತದಲ್ಲಿ ಚಿಕಿತ್ಸಾ ಮನೋವಿಜ್ಞಾನಿ ಎಂಬ ಸ್ಥಾನವು ತಾನಾಗಿಯೇ ದೊರೆಯುವುದಿಲ್ಲ. ಎರಡು, ಪರವಾನಗಿಯು ಸೇವೆ ಪಡೆಯುವವರು ಇರುವ ಸ್ಥಳವನ್ನು ಅವಲಂಬಿಸಿರುತ್ತದೆ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಕನ್ನಡಿಗ ದಂಪತಿಗಳಿಗೆ ಬೆಂಗಳೂರಿನಿಂದ ದೂರವಾಣಿ ಅಥವಾ ಅಂತರ್ಜಾಲದ ಮೂಲಕ ಚಿಕಿತ್ಸೆ ನೀಡಲು ಅಲ್ಲಿಯ ಪರವಾನಗಿ ಅಗತ್ಯ.

10. ದೂರು ಸಲ್ಲಿಸುವ ಕ್ರಮ

- ನೋಂದಾಯಿತ ವೈದ್ಯರ ದುರ್ನಡತೆಯ ಬಗ್ಗೆ: ಕರ್ನಾಟಕ ವೈದ್ಯಕೀಯ ಪರಿಷತ್ತು.
- ನೋಂದಾಯಿತ ಚಿಕಿತ್ಸಾ ಮನೋವಿಜ್ಞಾನಿಗಳ ಬಗ್ಗೆ: ಭಾರತೀಯ ಪುನರ್ವಸತಿ ಪರಿಷತ್ತು. ನೋಂದಣಿ ಪುಸ್ತಕದಿಂದ ಹೆಸರನ್ನು ತೆಗೆದುಹಾಕುವ ಅಧಿಕಾರ ಕಾನೂನಿನಲ್ಲಿದೆ.
- ರೋಗಿಗಳನ್ನು ಇರಿಸಿಕೊಳ್ಳುವ ಮಾನಸಿಕ ಆರೋಗ್ಯ ಸಂಸ್ಥೆಯ ಸೇವಾ ನ್ಯೂನತೆಯ ಬಗ್ಗೆ: 2017ರ ಅಧಿನಿಯಮದ ಪ್ರಕರಣ 28ರಂತೆ ಮೊದಲು ಸಂಸ್ಥೆಯ ಮುಖ್ಯಸ್ಥರಿಗೆ, ಸಮಾಧಾನವಾಗದಿದ್ದಲ್ಲಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ, ತದನಂತರ ರಾಜ್ಯ ಪ್ರಾಧಿಕಾರಕ್ಕೆ.
- ಹಣ ಪಡೆದು ನೀಡಿದ ಸೇವೆಯಲ್ಲಿ ಲೋಪವಿದ್ದಲ್ಲಿ ಅಥವಾ ಸುಳ್ಳು ಜಾಹೀರಾತು ನೀಡಿದ್ದಲ್ಲಿ: ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕ ಆಯೋಗ. ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಒಳಗೆ ದೂರು ಸಲ್ಲಿಸತಕ್ಕದ್ದು.

ಯಾವ ಪರಿಷತ್ತಿನಲ್ಲಿಯೂ ನೋಂದಣಿಯಿಲ್ಲದವರ ವಿರುದ್ಧ ವೃತ್ತಿ ಪರಿಷತ್ತುಗಳು ಶಿಸ್ತು ಕ್ರಮ ಕೈಗೊಳ್ಳಲಾಗದು. ನೋಂದಣಿ ಸಂಖ್ಯೆಯನ್ನು ಮೊದಲೇ ಕೇಳಬೇಕೆಂದು ಈ ಪುಟದಲ್ಲಿ ಮತ್ತೆ ಮತ್ತೆ ಸೂಚಿಸಿರುವುದಕ್ಕೆ ಇದೇ ಮುಖ್ಯ ಕಾರಣ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಊರಿನಲ್ಲಿ ಹಿರಿಯರೊಬ್ಬರು ದಂಪತಿಗಳ ಜಗಳ ಬಗೆಹರಿಸುತ್ತಾರೆ. ಅವರಿಗೂ ನೋಂದಣಿ ಬೇಕೇ?
ಉತ್ತರ: ಹಿತೈಷಿಗಳಾಗಿ ಬುದ್ಧಿಮಾತು ಹೇಳಲು ನೋಂದಣಿ ಬೇಕಿಲ್ಲ. ಆದರೆ ಅದು ಚಿಕಿತ್ಸೆಯಲ್ಲ. ಹಿಂಸೆ, ಖಿನ್ನತೆ ಅಥವಾ ಆತ್ಮಹತ್ಯೆಯ ಮಾತು ಇರುವೆಡೆ ಅದನ್ನೇ ಅವಲಂಬಿಸಬಾರದು.

ಪ್ರಶ್ನೆ: ಪತಿ ಅಥವಾ ಪತ್ನಿ ಬರಲು ಒಪ್ಪದಿದ್ದಲ್ಲಿ ಒಬ್ಬರೇ ಹೋಗಬಹುದೇ?
ಉತ್ತರ: ಹೋಗಬಹುದು. ಖಾಸಗಿ ಸಮಾಲೋಚನೆಗೆ ಯಾರನ್ನೂ ಬಲವಂತಪಡಿಸುವಂತಿಲ್ಲ.

ಪ್ರಶ್ನೆ: ಸಮಾಲೋಚಕರು ನೀಡಿದ ಪತ್ರದ ಆಧಾರದ ಮೇಲೆ ವಿಚ್ಛೇದನ ದೊರೆಯುವುದೇ?
ಉತ್ತರ: ಇಲ್ಲ. ವಿಚ್ಛೇದನವನ್ನು ಸಕ್ಷಮ ನ್ಯಾಯಾಲಯವು ಕಾನೂನಿನಲ್ಲಿ ಹೇಳಿರುವ ಕಾರಣಗಳ ಆಧಾರದ ಮೇಲೆ ಮಾತ್ರ ನೀಡುತ್ತದೆ.

ಪ್ರಶ್ನೆ: ಸಮಾಲೋಚಕರು ಮಾತ್ರೆಗಳನ್ನು ಸೂಚಿಸಿದ್ದಾರೆ. ತೆಗೆದುಕೊಳ್ಳಬಹುದೇ?
ಉತ್ತರ: ಅವರು ನೋಂದಾಯಿತ ವೈದ್ಯರಲ್ಲದಿದ್ದಲ್ಲಿ ತೆಗೆದುಕೊಳ್ಳಬಾರದು. ಮನೋವೈದ್ಯರನ್ನು ಕಾಣತಕ್ಕದ್ದು.

12. ತುರ್ತು ನೆರವಿಗೆ

ತುರ್ತು ಸೇವೆ: 112
ಮಹಿಳಾ ಸಹಾಯವಾಣಿ: 181
ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ: 14416 (2022ರ ಅಕ್ಟೋಬರ್‌ನಲ್ಲಿ ಆರಂಭ, ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ)
ಉಚಿತ ಕಾನೂನು ನೆರವು: 15100
ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915

ಸೂಚನೆ: ಈ ಪುಟದಲ್ಲಿನ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ನೀಡಲಾಗಿದೆ. ಅಧಿನಿಯಮ, ನಿಯಮ ಹಾಗೂ ಅಧಿಸೂಚನೆಗಳ ಮೂಲ ಪಾಠವೇ ಅಂತಿಮ. ಅರ್ಜಿ ಸಲ್ಲಿಸುವ ಮುನ್ನ ಸಂಬಂಧಿಸಿದ ಪರಿಷತ್ತು ಅಥವಾ ಪ್ರಾಧಿಕಾರದಿಂದ ಅಂದಿನ ನಮೂನೆ, ಶುಲ್ಕ ಹಾಗೂ ಲಗತ್ತುಗಳ ವಿವರವನ್ನು ಪಡೆದುಕೊಳ್ಳಲು ಕೋರಲಾಗಿದೆ.